ಮಾಳಿಗೆಯಿಂದ ಕಂಡ ಐದನೇ ನಂಬರು

ಬಸ್ಸು ಹತ್ತುವ ಮೊದಲು ಅದರ ಮೆಟ್ಟಿಲನ್ನು ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಹಣೆಗೆ ಒತ್ತಿಕೊಳ್ಳುವುದು ನನ್ನ ಹಳೆಯ ಚಟ. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಕಂಡಕ್ಟರುಗಳು ನನ್ನನ್ನು ಮಹಾ ದೈವಭಕ್ತೆ ಎಂದು ತಿಳಿದಿದ್ದಾರೆ. ಅವರಲ್ಲೊಬ್ಬರು, "ಬರ್ರಿ ಅಕ್ಕಾರ, ನೀವು ಹತ್ತಿದ ದಿನ ಗಾಡಿ ಎಲ್ಲೂ ಕೆಟ್ಟು ನಿಲ್ಲಂಗಿಲ್ಲ" ಎಂದು ಮುಂದಿನ ಸೀಟು ಬಿಡಿಸಿಕೊಡುತ್ತಾರೆ. ನಾನು ಸುಮ್ಮನೆ ಕೂತುಕೊಳ್ಳುತ್ತೇನೆ. ಭಕ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದರೆ ಸೀಟು ಹೋದೀತು.

ಇದು ಕಬಡ್ಡಿಯಿಂದ ಬಂದದ್ದು. ಎದುರಾಳಿಗಳ ಅಂಕಣಕ್ಕೆ ನುಗ್ಗುವ ಮೊದಲು ಆಟಗಾರ ನಡುಗೆರೆ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನಲ್ಲ, ಅದೇ. ಹಾಗಂತ ನಾನು ಕಬಡ್ಡಿ ಆಡಿದವಳೆಂದು ತಿಳಿಯಬೇಡಿ. ಜೀವನದಲ್ಲಿ ಒಂದು ದಿನವೂ ಆಡಿಲ್ಲ. ಓಡಿದ್ದು ಕೂಡ ಕಡಿಮೆ. ಟೀಚರಾಗಿ ಸಾಲಿಯ ಮಕ್ಕಳ ಹಿಂದೆ ಮೂವತ್ತು ವರ್ಷ ಓಡಿದ್ದನ್ನು ಲೆಕ್ಕಕ್ಕೆ ಹಿಡಿದರೆ ಆ ಮಾತು ಬೇರೆ. ನಾನು ಆಟ ನೋಡಿದವಳು. ಅದೂ ದೂರದಿಂದ, ಒಂದು ಮಾಳಿಗೆಯ ಮೇಲಿನಿಂದ.

ಮಾಳಿಗೆ ಮೂಡಲಗಿಯದು. ನನ್ನ ಆಯಿಯ ಮನೆ, ಅಂದರೆ ತಾಯಿಯ ತಾಯಿಯ ಮನೆ. ಬೇಸಿಗೆ ರಜೆ ಪೂರ್ತಿ ನಾನು ಅಲ್ಲೇ. ಮನೆಯ ಹಿಂದೆ ಎರಡು ಮನೆಗಳಾಚೆ ಒಂದು ಬಯಲು. ಅಲ್ಲಿ ದಿನಾ ನಾಲ್ಕು ಗಂಟೆಯಿಂದ ಹುಡುಗರು ಕಬಡ್ಡಿ ಆಡುತ್ತಿದ್ದರು. ಹೆಣ್ಣುಮಕ್ಕಳು ಬಯಲಿನ ಕಡೆ ಕಾಲಿಡುವಂತಿರಲಿಲ್ಲ. ಇಡಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಆದರೆ ಮಾಳಿಗೆ ನಮ್ಮದು. ಅಲ್ಲಿ ಸಂಡಿಗೆ ಒಣಹಾಕಿದಾಗ ಕಾಗೆ ಓಡಿಸುವ ಕೆಲಸ ನನ್ನದು. ಆ ಬೇಸಿಗೆಗಳಲ್ಲಿ ನಮ್ಮ ಮನೆಯಲ್ಲಿ ಸಂಡಿಗೆ ಆದಷ್ಟು ಬೇರೆಲ್ಲೂ ಆಗಿರಲಿಕ್ಕಿಲ್ಲ. ಹಿಟ್ಟು ಬೇಯಿಸಿರೆಂದು ಅತ್ತೆಯಂದಿರಿಗೆ ನೆನಪು ಮಾಡುತ್ತಿದ್ದವಳೇ ನಾನು.

ಆಯಿಗೆ ಕಣ್ಣು ಮಂಜಾಗಿತ್ತು. ಅವಳು ಮಾಳಿಗೆಯ ನೆರಳಿನಲ್ಲಿ ಕೂತು ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು.

"ಯಾರ ಹೋದಾರ ಈಗ?"

"ನಮ್ಮವರು ಆಯಿ. ಐದನೇ ನಂಬರು."

"ಸತ್ತನೋ, ಬದುಕಿದನೋ?"

"ಬದುಕಿದ. ಇಬ್ಬರನ್ನ ಹೊಡದು ಬಂದ."

"ಛಲೋ ಆತು. ಅವಗ ಲಗ್ನ ಆಗೇತೇನು?"

ಲಗ್ನದ ಸುದ್ದಿ ನನಗೆ ತಿಳಿಯುತ್ತಿರಲಿಲ್ಲ, ಆದರೆ ಆಯಿ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಗಿತ್ತು. ಕೊಡದಿದ್ದರೆ ಅವಳಿಗೆ ಬೇಸರವಾಗಿ ಕೆಳಗಿಳಿಯುತ್ತಿದ್ದಳು, ಅವಳ ಹಿಂದೆ ನಾನೂ ಇಳಿಯಬೇಕಾಗುತ್ತಿತ್ತು. ಹೀಗಾಗಿ ಕಾಣಿಸಿದ್ದನ್ನು ಹೇಳುತ್ತಿದ್ದೆ. ಕಾಣಿಸದ್ದನ್ನು ಕಟ್ಟಿ ಹೇಳುತ್ತಿದ್ದೆ.

ಆ ಐದನೇ ನಂಬರಿನವನೇ ಈರಪ್ಪ, ಮೂಡಲಗಿ ತಂಡದ ಕ್ಯಾಪ್ಟನ್. ತೆಳ್ಳಗಿನ ಮೈ, ಗಿಡ್ಡ ಕೂದಲು, ಬೆನ್ನ ಮೇಲೆ ಕೈಯಿಂದ ಬರೆದ ದೊಡ್ಡ ಐದು. ನನಗಾಗ ಹನ್ನೆರಡು ವರ್ಷ. ಅಂಕಲಗಿಯ ತಂಡದ ಜೊತೆ ನಡೆದ ಒಂದು ಪಂದ್ಯದ ಕೊನೆಗೆ ಐದನೇ ನಂಬರು ಒಂಟಿಯಾಗಿ ನುಗ್ಗಿತು. ಅಂಕಲಗಿಯ ಐವರು ಒಟ್ಟಿಗೆ ಹಿಡಿದರು. ಧೂಳೆದ್ದಿತು. ಧೂಳಿನೊಳಗಿಂದ ಒಂದು ಕೈ ಇಂಚಿಂಚಾಗಿ ಹೊರಬಂದು ನಡುಗೆರೆಯನ್ನು ಮುಟ್ಟಿತು. ಐವರೂ ಔಟ್. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಕುಣಿದಾಡಿ ಅರ್ಧ ಸಂಡಿಗೆ ತುಳಿದಿದ್ದೆ. ಆಯಿ, "ತುಳದದ್ದು ಬ್ಯಾರೇ ಇಡು, ಮನಿಯವರಿಗಷ್ಟ ಕರಿಯೂಣು" ಎಂದಳು.

ಅಷ್ಟೇ. ಅದೊಂದು ಕೈ ಸಾಕಾಯಿತು, ನನ್ನನ್ನು ಜೀವನಪೂರ್ತಿ ಹಿಡಿದಿಡಲು. ಮುಂದೆ ಹುಕ್ಕೇರಿಗೆ ಸೊಸೆಯಾಗಿ ಬಂದೆ. ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನನಗೆ ಪ್ರಾಥಮಿಕ ಸಾಲಿಯಲ್ಲಿ ನೌಕರಿ. ಹನ್ನೊಂದು ವರ್ಷ ಮೂಡಲಗಿಗೇ ವರ್ಗವಾಗಿ ಆಯಿಯ ಮನೆಯಲ್ಲೇ ಇದ್ದೆ. ಅಷ್ಟರಲ್ಲಿ ಆಯಿಯೂ ಇರಲಿಲ್ಲ, ಈರಪ್ಪನೂ ಊರಲ್ಲಿರಲಿಲ್ಲ. ಹಿಡಕಲ್ ಡ್ಯಾಮಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದನಂತೆ. ನಿವೃತ್ತಿಯಾದ ಮೇಲೆ ಹೊತ್ತು ಕಳೆಯಲೆಂದು ಇದನ್ನೆಲ್ಲ ಬರೆದೆ. ಯಜಮಾನರ ಸ್ನೇಹಿತರೊಬ್ಬರು ಗೋಕಾಕಿನಲ್ಲಿ ಪುಸ್ತಕ ಮಾಡಿದರು. ಹೆಸರು 'ಮಾಳಿಗಿ ಮ್ಯಾಲಿನ ಕಬಡ್ಡಿ'. ಒಂದಿಷ್ಟು ಪ್ರತಿಗಳು ನೆಂಟರಿಗೆ ಹೋದವು, ಉಳಿದವು ಮಂಚದ ಕೆಳಗೆ. ಹಿಡಕಲ್ಲಿನ ಈರಪ್ಪನವರಿಗೂ ಅಂಚೆಯಲ್ಲಿ ಒಂದು ಕಳಿಸಿದ್ದೆ. ಉತ್ತರ ಬರಲಿಲ್ಲ. ದೊಡ್ಡ ಆಟಗಾರರು ಹಾಗೇ ಇರುತ್ತಾರೆ ಎಂದುಕೊಂಡೆ. ಹುಕ್ಕೇರಿಯಿಂದ ಹಿಡಕಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಇಷ್ಟು ವರ್ಷ ಒಮ್ಮೆಯೂ ಹೋಗಿ ಕಾಣಬೇಕೆಂದು ಯಾಕೆ ಅನ್ನಿಸಲಿಲ್ಲವೋ ಈಗ ಯೋಚಿಸಿದರೆ ತಿಳಿಯುವುದಿಲ್ಲ. ದೂರದಿಂದ ನೋಡಿ ರೂಢಿಯಾದವರಿಗೆ ಹತ್ತಿರ ಹೋಗಲು ಧೈರ್ಯ ಸಾಲುವುದಿಲ್ಲವೋ ಏನೋ.

ಮಂಚದ ಕೆಳಗಿನ ಪುಸ್ತಕಕ್ಕೆ ಜೀವ ಬಂದದ್ದು ದೀಪಾ ಎಂಬ ಹುಡುಗಿಯಿಂದ. ಅಂಕಲಗಿಯವಳು, ಗೋಕಾಕಿನಲ್ಲಿ ಕಾಲೇಜು ಓದುತ್ತಿದ್ದಳು. ಒಂದು ಮಧ್ಯಾಹ್ನ ನಾಲ್ಕು ಗೆಳತಿಯರನ್ನು ಕರೆದುಕೊಂಡು ಮನೆಗೆ ಬಂದು, "ಅಕ್ಕಾರ, ನಿಮ್ಮ ಪುಸ್ತಕ ಸಣ್ಣ ಸಿನಿಮಾ ಮಾಡ್ತೀವ್ರಿ. ಮೊಬೈಲಿನ್ಯಾಗ" ಎಂದಳು.

"ನಿಮ್ಮೂರಿನವರು ಸೋತ ಕಥಿ ಅದು" ಎಂದೆ.

"ಅದಕ್ಕ ನಮಗ ಇಷ್ಟ ಆತ್ರಿ. ನಮ್ಮ ಅಜ್ಜ ಆ ಐದು ಮಂದ್ಯಾಗ ಒಬ್ಬಾಂವ ಇದ್ದ. ಸಾಯೂತನಕಾ ಗೆದ್ದೇನಿ ಅಂತ ಹೇಳಿದ."

ಚಿತ್ರೀಕರಣ ನೋಡಲು ನಾನೂ ಹೋಗಿದ್ದೆ. ಗೋಕಾಕಿನ ಒಂದು ಮನೆಯ ಮಾಳಿಗೆಯಲ್ಲಿ ಸಂಡಿಗೆ ಹರವಿದ್ದರು. ಆಯಿಯಾಗಿ ದೀಪಾಳ ಸೋದರತ್ತೆ. ಎಲ್ಲ ತಯಾರಾಯಿತು, ಕಾಗೆ ಮಾತ್ರ ಬರಲಿಲ್ಲ. ಚುರುಮುರಿ ಚೆಲ್ಲಿದರು; ಒಂದೂ ಬರಲಿಲ್ಲ. ಬೇಸತ್ತು ಊಟಕ್ಕೆ ಕೂತಾಗ ಇಡೀ ಗೋಕಾಕಿನ ಕಾಗೆಗಳು ಬಂದು ಸಂಡಿಗೆ, ಚುರುಮುರಿ, ಸೋದರತ್ತೆಯ ಬುತ್ತಿಯ ರೊಟ್ಟಿ ಎಲ್ಲ ಮುಗಿಸಿಹೋದವು. ದೀಪಾ ಬಾಯಲ್ಲಿ ತುತ್ತು ಇಟ್ಟುಕೊಂಡೇ ಅದನ್ನು ಹಿಡಿದಳು. ಸಿನಿಮಾದಲ್ಲಿ ಅದೇ ಒಳ್ಳೆಯ ದೃಶ್ಯ.

ಆಟಗಾರರನ್ನು ತೋರಿಸಲು ಅವರಿಗೆ ಜನ ಇರಲಿಲ್ಲ. ಹಾಗಾಗಿ ಆ ಪಂದ್ಯವನ್ನು ನನ್ನ ಪಾತ್ರ ಮಾಡಿದ ಹುಡುಗಿಯ ಮುಖದಲ್ಲಷ್ಟೇ ತೋರಿಸಿದರು. ಎರಡು ಜಡೆ ಹಾಕಿದ ಆ ಹುಡುಗಿಯನ್ನು ಪರದೆಯ ಮೇಲೆ ನೋಡುವಾಗ ನನಗೆ ವಿಚಿತ್ರ ಕುತೂಹಲ. ನಾನು ಹೀಗಿದ್ದೆನೆ? ಇಷ್ಟು ಚೆಂದವಂತೂ ಇರಲಿಲ್ಲ. ಯಜಮಾನರನ್ನು ಕೇಳಿದೆ. ಅವರು ಗಣಿತದವರು, "ಮೂಗು ಹೊಂದತೈತಿ" ಎಂದಷ್ಟೇ ಹೇಳಿದರು.

ಆ ಸಿನಿಮಾ ಕೈಯಿಂದ ಕೈಗೆ, ಮೊಬೈಲಿನಿಂದ ಮೊಬೈಲಿಗೆ ಹೋಗಿ ಬೆಂಗಳೂರಿನ ಒಬ್ಬ ನಿರ್ದೇಶಕರನ್ನು ತಲುಪಿತು. ಅವರು ಫೋನ್ ಮಾಡಿದರು. ದೊಡ್ಡದಾಗಿ ಮಾಡುತ್ತಾರಂತೆ, ಎರಡು ತಾಸಿನದು.

"ಮೇಡಂ, ಒಂದೇ ಒಂದು ಬದಲಾವಣೆ. ಆ ಹುಡುಗಿಗೆ ಐದನೇ ನಂಬರ್ ಮೇಲೆ ಲವ್ ಇರುತ್ತೆ."

"ನನಗ ಹನ್ನೆರಡು ವರ್ಷರೀ."

"ಇಪ್ಪತ್ತು ಮಾಡೋಣ. ಲವ್ ಇಲ್ಲದೆ ಒಂದು ಹುಡುಗಿ ದಿನಾ ಮಾಳಿಗೆ ಮೇಲೆ ಯಾಕೆ ನಿಲ್ತಾಳೆ, ಮೇಡಂ?"

"ಸಂಡಿಗಿ ಕಾಯಾಕ."

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಆಟವನ್ನು ಆಟಕ್ಕಾಗಿಯೇ ನೋಡುವ ಹುಡುಗಿ ಅವರಿಗೆ ಅರ್ಥವಾಗದ ಪ್ರಾಣಿಯಾಗಿದ್ದಳು. ಆದರೂ ನಾನು ಕೂಡಲೇ ಬೇಡವೆನ್ನಲಿಲ್ಲ. ದೊಡ್ಡ ಪರದೆಯಲ್ಲಿ ಆ ಕೈ ನಡುಗೆರೆ ಮುಟ್ಟುವುದನ್ನು ನೋಡುವ ಆಸೆ ಗಂಟಲವರೆಗೂ ಬಂದಿತ್ತು. ಪುಸ್ತಕದಲ್ಲಿ ನಿಜವಾದ ಹೆಸರಿರುವುದರಿಂದ ಈರಪ್ಪನವರ ಒಪ್ಪಿಗೆ ಪತ್ರ ಬೇಕು, ಅದನ್ನು ನೀವೇ ತಂದುಕೊಡಬೇಕು ಎಂದರು ನಿರ್ದೇಶಕರು. ಲವ್ ಇರುವ ಸಿನಿಮಾಕ್ಕೆ ಸಹಿ ಹಾಕೆಂದು, ಎಂದೂ ಮಾತಾಡಿಸದ ಗಂಡಸಿನ ಮನೆಗೆ ನಾನು ಹೋಗಬೇಕು. ಯಜಮಾನರಿಗೆ ಹೇಳಿದೆ. ಅವರು ಆಗಲೇ ಎದ್ದು ಚಪ್ಪಲಿ ಹುಡುಕಿದರು. "ನಾನೂ ಬರ್ತೀನಿ. ನಲವತ್ತು ವರ್ಷ ಆತು ಹೆಸರು ಕೇಳಾಕತ್ತಿ. ಒಮ್ಮೆ ನೋಡೇ ಬಿಡೂಣು."

ಈರಪ್ಪನವರ ಮನೆ ಡ್ಯಾಮಿನಿಂದ ಸ್ವಲ್ಪ ಈಚೆಗೆ, ಪೇರಲ ಗಿಡಗಳ ನಡುವೆ. ಎಪ್ಪತ್ತರ ಆಸುಪಾಸು, ತೆಳ್ಳಗಿನ ಮೈ ಈಗ ದಪ್ಪವಾಗಿತ್ತು. "ಬರ್ರಿ, ಕುಂಡ್ರಿ" ಎಂದು ಅಂಗಳದಲ್ಲಿ ಕುರ್ಚಿ ಹಾಕಿದರು. ಅವರ ಹೆಂಡತಿ ಚುರುಮುರಿ, ಚಹಾ ತಂದರು. ಹನ್ನೊಂದು ವರ್ಷದ ಮೊಮ್ಮಗಳು ಸುಮಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಸಿನಿಮಾದ ಸಂಗತಿ ಹೇಳಿದೆ. ಲವ್ ಎಂಬ ಮಾತು ಬಂದಾಗ ಚಹಾದ ಬಟ್ಟಲನ್ನು ಸುಮ್ಮನೆ ತಿರುಗಿಸಿದೆ. ಈರಪ್ಪನವರು ಪೂರ್ತಿ ಕೇಳಿದರು. ಮೊಮ್ಮಗಳಿಗೆ, "ಸುಮಾ, ಒಳಗ ಹೋಗವ್ವ, ಅಕ್ಕಾರಿಗೆ ನಾಕು ಪೇರಲ ತೊಳದು ತಾ" ಎಂದು ಅವಳನ್ನು ಕಳಿಸಿ, ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಒಂದ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ಗೆರಿ ಮುಟ್ಟಿದಾಂವ ನಾ ಅಲ್ರಿ."

ನನಗೆ ತಿಳಿಯಲಿಲ್ಲ. "ಐದನೇ ನಂಬರ್ ನಿಮ್ಮದಲ್ರಿ?"

"ನಂಬರ್ ನಂದ. ಮೈ ನಂದಲ್ಲ. ಅರ್ಧ ಆಟದಾಗ ನನ್ನ ಕಾಲು ಹೊಳ್ಳಿತ್ರಿ, ನಿಲ್ಲಾಕ ಬರಲಿಲ್ಲ. ನಮ್ಮ ಕಡೆ ಇದ್ದದ್ದ ಏಳು ಬನೇನ್. ನಂದು ಬಿಚ್ಚಿ ಇನ್ನೊಬ್ಬಗ ಹಾಕಿ ಕಳಿಸಿದೆ. ಅಂವ ಮಾಡಿದ ಕೆಲಸರೀ ಅದು. ನೀವು ದೂರದಿಂದ ನೋಡೀರಿ, ನಂಬರಷ್ಟ ಕಂಡಿರಬೇಕು."

"ಮತ್ತ ಜನ ನಿಮ್ಮನ್ನ ಹೊತ್ತುಕೊಂಡು ಕುಣದರಲ್ರಿ. ಮರುದಿನ ನಮ್ಮ ಮಾವನೂ ಹೇಳಿದ್ದ, ಈರಪ್ಪನ್ನ ಹೊತ್ತಿದ್ದರು ಅಂತ."

"ಖರೆ. ನಡ್ಯಾಕ ಬರ್ತಿದ್ದಿಲ್ಲಲ್ರಿ ನನಗ. ಅದಕ್ಕ ಹೊತ್ತರು."

ಯಜಮಾನರು ಚಹಾ ನೆತ್ತಿಗೇರಿ ಕೆಮ್ಮತೊಡಗಿದರು. ಅವರು ನಗುವುದನ್ನು ಮುಚ್ಚಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಆ ಮಧ್ಯಾಹ್ನವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಕಾಲು ಉಳುಕಿದ್ದು ನನಗೆ ಕಂಡಿರಲೇ ಇಲ್ಲ. ಬಹುಶಃ ಆಗ ಕಾಗೆ ಓಡಿಸುತ್ತಿದ್ದೆ. ಯಾರನ್ನಾದರೂ ಕೇಳಿ ಖಚಿತ ಮಾಡಿಕೊಳ್ಳೋಣವೆಂದರೆ, ಆಟ ನೋಡಿದೆನೆಂದು ಒಪ್ಪಿಕೊಂಡಂತಾಗುತ್ತಿತ್ತು. ಹಾಗಾಗಿ ಕೇಳದೆ, ಆಯಿಗೆ ಕಟ್ಟಿ ಹೇಳಿದ್ದನ್ನೇ ನಾನೂ ನಂಬಿ, ಕೊನೆಗೆ ಅಚ್ಚನ್ನೂ ಮಾಡಿಸಿಬಿಟ್ಟೆ.

"ಪುಸ್ತಕ ಕಳಿಸಿದಾಗಾದರೂ ಹೇಳಬೇಕಿತ್ತಲ್ರಿ" ಎಂದೆ.

ಈರಪ್ಪನವರು ತಲೆ ತಗ್ಗಿಸಿದರು. "ಬರೀಬೇಕಂತ ಕಾಗದ ತಗೊಂಡು ಕುಂತಿದ್ದೆ. ಅಷ್ಟರಾಗ ಈ ನಮ್ಮ ಹುಡುಗಿ ಪುಸ್ತಕ ಸಾಲಿಗೆ ಒಯ್ದು ಎಲ್ಲಾರ ಮುಂದ ಓದಿದಳು. ನಮ್ಮ ಅಜ್ಜ ನೋಡ್ರಿ ಅಂತ. ಆಮ್ಯಾಲೆ ಬಾಯಿ ಬರಲಿಲ್ಲ ನನಗ. ಇವತ್ತು ನಿಮ್ಮ ಕಾಗದಕ್ಕ ಸಹಿ ಮಾಡಿದರ ದೇವರು ಮೆಚ್ಚಂಗಿಲ್ಲ."

"ಆ ಇನ್ನೊಬ್ಬರು ಯಾರು? ಇದ್ದಾರೇನ್ರಿ?"

"ಇದ್ದಾನ್ರಿ. ದಸ್ತಗೀರ. ಮೂಡಲಗ್ಯಾಗ ಸೈಕಲ್ ಅಂಗಡಿ ಅಂವಂದು."

ನನ್ನ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ಉಳಿಯಿತು. ಮೂಡಲಗಿಯ ದಸ್ತಗೀರ್ ಭಾಯಿಯನ್ನು ನಾನು ಬಲ್ಲೆ. ಸಾಲಿಗೆ ಹೋಗುವ ದಾರಿಯಲ್ಲೇ ಅವರ ಅಂಗಡಿ. ಹನ್ನೊಂದು ವರ್ಷ ನನ್ನ ಸೈಕಲ್ಲಿಗೆ, ಆಮೇಲೆ ಸ್ಕೂಟಿಗೆ, ಗಾಳಿ ಹಾಕಿದವರು ಅವರೇ. ಯಾರ ಕೈಯನ್ನು ನೆನೆದು ನಾನು ಇಡೀ ಪುಸ್ತಕ ಬರೆದೆನೋ ಆ ಕೈ ವಾರಕ್ಕೆರಡು ಸಲ ನನ್ನ ಮುಂದೆ ಪಂಪು ಒತ್ತುತ್ತಿತ್ತು. ನಾನು ಆಗೆಲ್ಲ ಗಡಿಯಾರ ನೋಡುತ್ತ, ಪ್ರಾರ್ಥನೆಗೆ ತಡವಾಯಿತೆಂದು ಚಡಪಡಿಸುತ್ತಿದ್ದೆ.

ಹಿಂತಿರುಗುವಾಗ ಬಸ್ಸಿನಲ್ಲಿ ಯಜಮಾನರು ಹೇಳಿದರು. "ಉತ್ತರ ಬರೋಬರಿ ಇತ್ತು. ಹೆಸರಷ್ಟ ತಪ್ಪಿತ್ತು. ನಾ ಆಗಿದ್ದರ ಅರ್ಧ ಮಾರ್ಕು ಕಡಿತಿದ್ದೆ."

ಮರುವಾರ ಮೂಡಲಗಿಗೆ ಹೋದೆ. ದಸ್ತಗೀರ್ ಭಾಯಿ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡುತ್ತಿದ್ದರು. ತಲೆಯೆತ್ತಿ, "ಅಕ್ಕಾರ, ಗಾಡಿ ಎಲ್ಲೈತ್ರಿ?" ಎಂದರು. ಗಾಡಿ ಇಲ್ಲವೆಂದು ಹೇಳಿ, ಹಿಡಕಲ್ಲಿಗೆ ಹೋಗಿ ಬಂದದ್ದನ್ನು ಹೇಳಿದೆ. ಅವರು ಕೈ ಒರೆಸಿಕೊಂಡು ನನಗೆ ಸ್ಟೂಲು ಕೊಟ್ಟರು.

"ಮೊಬೈಲಿನ್ಯಾಗ ಆ ಹುಡುಗ್ಯಾರ ಸಿನಿಮಾ ನೋಡೇನ್ರಿ. ಛಲೋ ಮಾಡ್ಯಾರ. ಕಾಗಿ ಭಾಳ ಛಲೋ ಮಾಡ್ಯಾವ."

"ಅದರಾಗ ಈರಪ್ಪನವರ ಹೆಸರು ಹೇಳ್ಯಾರ. ನಿಮಗ ಗೊತ್ತಿತ್ತಲ್ಲ. ನನಗ ಒಂದು ಮಾತು ಹೇಳಬಾರದಿತ್ತೇನ್ರಿ?"

"ನೀವು ಯಾವತ್ತೂ ಗಾಳಿ ಹಾಕು ಅಂದ್ರಿ. ಕಬಡ್ಡಿ ಕೇಳಲಿಲ್ಲ."

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಹೇಳಿದರು ಅಷ್ಟೇ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಆದರೂ ಇಷ್ಟು ವರ್ಷದ ಕುತೂಹಲ ನಾಚಿಕೆಗಿಂತ ದೊಡ್ಡದಾಗಿತ್ತು. ಕೇಳಿಯೇಬಿಟ್ಟೆ.

"ಐದು ಮಂದಿ ಮೈಮ್ಯಾಲೆ ಬಿದ್ದಾಗ ನಿಮಗ ಏನನ್ನಿಸಿತ್ರಿ? ಊರ ಮರ್ಯಾದಿ ಉಳಿಸಬೇಕಂತನೋ?"

ಪುಸ್ತಕದಲ್ಲಿ ನಾನು ಹಾಗೆಂದೇ ಬರೆದಿದ್ದೆ. ಎರಡು ಪುಟ.

"ಊರು ಎಲ್ಲಿ ನೆನಪಾಗ್ತೈತ್ರಿ. ಬನೇನ್ ಈರಪ್ಪಂದು. ಅವರು ನಾಕೂ ಕಡೆಯಿಂದ ಜಗ್ಗಾಕತ್ತಿದ್ರು. ಹರದರ ಅವಗ ಏನ್ ಹೇಳ್ಲಿ ಅಂತ ಹೆದರಿಕಿ ನನಗ. ಅವರು ಜಗ್ಗಿದ ಕಡೆ ನಾನೂ ಹೊಳ್ಳಿದೆ, ಜಾರಿದೆ, ತೆವಳಿದೆ. ಕೈ ಚಾಚಿದರ ಗೆರಿ ಸಿಕ್ತು. ಅಷ್ಟರೀ."

"ಹರೀತೇನು?"

"ಇಲ್ರಿ. ತೊಳದು ಮರುದಿನ ಕೊಟ್ಟೆ."

ಅದೇ ಅವರು ಊರ ತಂಡಕ್ಕೆ ಆಡಿದ ಮೊದಲ ಪಂದ್ಯ, ಕೊನೆಯದೂ ಹೌದು. ಮರುತಿಂಗಳು ತಂದೆ ತೀರಿಕೊಂಡು ಅಂಗಡಿ ಇವರ ಪಾಲಿಗೆ ಬಂತು. ನಾಲ್ಕು ಗಂಟೆ ಎಂದರೆ ಸಾಲಿ ಬಿಡುವ ಹೊತ್ತು, ಸೈಕಲ್ಲುಗಳು ಸಾಲುಗಟ್ಟುವ ಹೊತ್ತು. ಅದನ್ನೂ ಅವರು ಟ್ಯೂಬಿಗೆ ಅಂಟು ಹಚ್ಚುತ್ತಲೇ ಹೇಳಿದರು.

ಬೆಂಗಳೂರಿನ ನಿರ್ದೇಶಕರಿಗೆ ಎಲ್ಲ ತಿಳಿಸಿದೆ. ಅವರು ಒಂದು ಕ್ಷಣ ಯೋಚಿಸಿ, "ಬನಿಯನ್ ಹರಿಯುತ್ತೆ ಅಂತ ಹೆದರೋ ಹೀರೋ ನಡೆಯಲ್ಲ ಮೇಡಂ" ಎಂದರು. ಈರಪ್ಪನವರ ಸಹಿಯೂ ಇರಲಿಲ್ಲ. ಕೊನೆಗೆ ಅವರು ಹೆಸರು ಬದಲಿಸಿದರು, ಊರು ಬದಲಿಸಿದರು, ಆಟವನ್ನೂ ಬದಲಿಸಿ ಕ್ರಿಕೆಟ್ ಮಾಡಿದರು. ಅದು ಬಂದಾಗ ನಾನೂ ಯಜಮಾನರೂ ಮೊಬೈಲನ್ನು ಡಬ್ಬಿಗೆ ಆನಿಸಿ ನೋಡಿದೆವು. ಬಂಗಲೆಯ ತಾರಸಿಯ ಮೇಲೆ ಹುಡುಗಿ, ಕೆಳಗೆ ಹುಡುಗ, ಕೊನೆಯ ಚೆಂಡಿಗೆ ಸಿಕ್ಸರ್. ಚೆಂಡು ಹೋಗಿ ಬಿದ್ದದ್ದು ಹುಡುಗಿಯ ಮಡಿಲಿಗೆ. ಆಯಿ ಇರಲಿಲ್ಲ. ಸಂಡಿಗೆ ಇರಲಿಲ್ಲ. ಕೊನೆಗೆ ಸಣ್ಣ ಅಕ್ಷರಗಳಲ್ಲಿ ನನ್ನ ಹೆಸರು ಬಂದು, ಓದುವುದರೊಳಗೆ ಹೋಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮುಂದೇನಾಗುತ್ತದೋ ಎಂದು ಕೊನೆಯವರೆಗೂ ಕೂತು ನೋಡಿದೆ. ನನ್ನ ಕಥೆಯೇ ಆದರೂ ಮುಂದಿನದು ನನಗೆ ಗೊತ್ತಿರಲಿಲ್ಲವಲ್ಲ.

ದೀಪಾ ಬೇರೆ ರೀತಿಯವಳು. ಸುದ್ದಿ ಕೇಳಿದವಳೇ, "ಅಕ್ಕಾರ, ನಮ್ಮದು ತಪ್ಪಾಗೇತಿ, ಕೊನಿ ಭಾಗ ಮತ್ತ ತಗೀತೀವಿ" ಎಂದು ಗೆಳತಿಯರೊಂದಿಗೆ ಮೂಡಲಗಿಗೆ ಬಂದಳು. ನಾನು ಈರಪ್ಪನವರಿಗೆ ತಿಳಿಸಿದೆ. ಬರುತ್ತಾರೆಂಬ ಭರವಸೆ ನನಗಿರಲಿಲ್ಲ. ಬಂದರು, ಮೊಮ್ಮಗಳ ಕೈ ಹಿಡಿದುಕೊಂಡು. ಅರ್ಧಕ್ಕೆ ಮನೆಗಳೆದ್ದು, ಉಳಿದರ್ಧದಲ್ಲಿ ಟ್ರ್ಯಾಕ್ಟರುಗಳು ನಿಲ್ಲುವ ಆ ಬಯಲಿನಲ್ಲಿ ದಸ್ತಗೀರ್ ಭಾಯಿ ಒಂದು ಪಕ್ಕಕ್ಕೆ ನಿಂತಿದ್ದರು. ಈರಪ್ಪನವರು ಮೊಮ್ಮಗಳನ್ನು ನೇರ ಅವರ ಮುಂದೆ ಕರೆದೊಯ್ದು ನಿಲ್ಲಿಸಿದರು.

"ಸುಮಾ, ನೀ ಸಾಲ್ಯಾಗ ಓದಿದೆಲ್ಲವ್ವ, ಐದು ಮಂದಿನ ಎಳಕೊಂಡು ಗೆರಿ ಮುಟ್ಟಿದಾಂವ. ಅದು ನಾ ಅಲ್ಲ. ಇಂವ. ನಾ ಇಷ್ಟು ದಿನ ಹೇಳಲಿಲ್ಲ, ನಂದ ತಪ್ಪು."

ಹುಡುಗಿ ಅಜ್ಜನನ್ನು ನೋಡಿದಳು, ದಸ್ತಗೀರ್ ಭಾಯಿಯನ್ನು ನೋಡಿದಳು. ಈರಪ್ಪನವರ ಕೈ ಅವಳ ಹೆಗಲ ಮೇಲಿಂದ ತಾನಾಗಿಯೇ ಇಳಿಯಿತು. ಆಗ ಅವಳು ದಸ್ತಗೀರ್ ಭಾಯಿಯನ್ನು ಕೇಳಿದಳು.

"ಹೆಂಗ ಮುಟ್ಟಿದ್ರಿ? ತೋರಸ್ತೀರೇನ್ರಿ?"

"ಮೊಣಕಾಲು ಕೇಳಂಗಿಲ್ಲವ್ವ" ಎಂದರು ಅವರು.

"ಬಾರೋ" ಎಂದರು ಈರಪ್ಪನವರು. "ನಾ ಹಿಡೀತೀನಿ, ಬೀಳಾಕ ಬಿಡಂಗಿಲ್ಲ."

ದೀಪಾಳ ಗೆಳತಿಯರು ಮಣ್ಣಿನಲ್ಲಿ ಕೋಲಿನಿಂದ ಗೆರೆ ಎಳೆದರು. ದಸ್ತಗೀರ್ ಭಾಯಿ ಚಪ್ಪಲಿ ಬಿಟ್ಟರು. ಈರಪ್ಪನವರು ಹಿಂದಿನಿಂದ ಅವರ ನಡು ಹಿಡಿದರು. ನಾನು ಗೆರೆಯಿಂದ ಮೂರೇ ಮಾರು ದೂರ ನಿಂತಿದ್ದೆ. ಆ ಬಯಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹನ್ನೊಂದು ವರ್ಷ ಅದೇ ಊರಲ್ಲಿ ನೌಕರಿ ಮಾಡುವಾಗ ಯಾರೂ ತಡೆದಿರಲಿಲ್ಲ, ಆದರೂ ಬಂದಿರಲಿಲ್ಲ. ದಸ್ತಗೀರ್ ಭಾಯಿ ಬಗ್ಗಿ, ಉಸಿರು ಎಳೆದುಕೊಂಡು, ಶುರು ಮಾಡಿದರು. ಕಬಡ್ಡಿ ಕಬಡ್ಡಿ ಕಬಡ್ಡಿ.

ಆ ಸದ್ದನ್ನು ಇಷ್ಟು ಹತ್ತಿರದಿಂದ ನಾನು ಎಂದೂ ಕೇಳಿರಲಿಲ್ಲ. ಮಾಳಿಗೆಯವರೆಗೆ ಜನರ ಕೂಗು ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಪುಸ್ತಕದಲ್ಲಿ 'ಗುಡುಗಿದ' ಎಂದು ಬರೆದಿದ್ದೇನೆ. ಅದು ಗುಡುಗಲ್ಲ. ಬಹಳ ಸಣ್ಣ ಸದ್ದು. ತಡವಾಗಿ ಬಂದ ಮಗು ಬಾಗಿಲಲ್ಲಿ ನಿಂತು ನೆಪ ಹೇಳುವಷ್ಟು ಮೆಲ್ಲಗೆ, ತುಟಿ ಅಲುಗಿಯೂ ಅಲುಗದಂತೆ. ಸುಮಾ ಆಗಲೇ ಗೆರೆಯ ಪಕ್ಕ ಮಂಡಿಯೂರಿ ಕೂತಿದ್ದಳು. ದೀಪಾ ಮೊಬೈಲು ಹಿಡಿದು ಇನ್ನಷ್ಟು ಹತ್ತಿರ ಬಂದಳು. ನಾನು ಅವಳ ಭುಜ ಹಿಡಿದು ಸ್ವಲ್ಪ ಸರಿಸಿ, ಮುಂದೆ ಹೋಗಿ, ಕಿವಿ ಕೊಟ್ಟು ನಿಂತೆ.